ಸುಟ್ಟ ಟಿ.ಸಿ.ಯ ಜಾಗಕ್ಕೆ ಅಂಥದೇ ಇನ್ನೊಂದು ಸಾಕೇ?

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ತೋಟದ ಊರುಗಳಲ್ಲಿ ಕೇಳಿಬರುವ ಮಾತು ಒಂದೇ: "ಟಿ.ಸಿ. ಹೋಯಿತು." ಅದು ಹೋಗುವ ಕಾಲವೂ ಲೆಕ್ಕ ಹಾಕಿದಂತೆ ಇರುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡಬೇಕು. ಅದಾಗಿ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಕೊಡಬೇಕು. ಅಡಿಕೆಗೆ ಮಳೆ ಹಿಡಿಯುವವರೆಗೂ ನೀರು ತಪ್ಪುವಂತಿಲ್ಲ, ತಪ್ಪಿದರೆ ನಳ್ಳಿ ಉದುರುತ್ತದೆ. ಇಂಥ ಹೊತ್ತಿನಲ್ಲಿ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹತ್ತು ದಿನ ಮೋಟಾರು ನಿಂತರೆ ಆ ವರ್ಷದ ಫಸಲಿಗೇ ಕುತ್ತು. ಎರಡು ಮೂರು ಎಕರೆಯವರಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಸುಟ್ಟ ಮೇಲೆ ನಡೆಯುವ ಕ್ರಮವೂ ಎಲ್ಲರಿಗೂ ಗೊತ್ತಿರುವಂಥದೇ. ನಾಲ್ಕು ಜನ ಕಚೇರಿಗೆ ಓಡುತ್ತಾರೆ. ಊರಿನಲ್ಲಿ ಹಣ ಕೂಡಿಸುತ್ತಾರೆ. ಬಾಡಿಗೆ ಗಾಡಿಯಲ್ಲಿ ರಿಪೇರಿಯಾಗಿ ಬಂದ ಇನ್ನೊಂದನ್ನು ತಂದು ಏರಿಸಿ, ಅಂದು ಸಂಜೆಯೇ ಎಲ್ಲರ ಮೋಟಾರೂ ಓಡುತ್ತದೆ. ತಿಂಗಳೊಳಗೆ ಅದೂ ಸುಟ್ಟರೆ "ಕಳಪೆ ಮಾಲು" ಎಂದು ಬೈದು ಮತ್ತೆ ಹಣ ಕೂಡಿಸುತ್ತೇವೆ. ಕಳಪೆ ವೈಂಡಿಂಗ್ ಎಂಬುದು ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರಿನೊಳಗೆ ತಿರುಗಿ ಸವೆಯುವ ಭಾಗ ಒಂದೂ ಇಲ್ಲ. ತಂತಿ ಸುತ್ತಿದ ಸುರುಳಿ, ಕಬ್ಬಿಣದ ತಗಡು, ಕಾಗದ, ಎಣ್ಣೆ, ಇಷ್ಟೇ. ಅದನ್ನು ಸುಡುವುದು ಹೆಚ್ಚಾಗಿ ಹೊರಗಿನ ಕಾರಣ. ಕಾರಣ ಅಲ್ಲೇ ಉಳಿದಿದ್ದರೆ ಹೊಸದಕ್ಕೂ ಹಳೆಯದರ ಗತಿಯೇ.

ಒಂದು ಲೆಕ್ಕ ನೋಡೋಣ. ನಮ್ಮ ಕಡೆ ಸಾಮಾನ್ಯವಾಗಿರುವುದು 25 ಕೆ.ವಿ.ಎ. ಅಥವಾ 63 ಕೆ.ವಿ.ಎ. ಟಿ.ಸಿ. ಅದು 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. 25 ಕೆ.ವಿ.ಎ.ಯದು ಒಂದು ಫೇಸಿಗೆ ಸುಮಾರು 33 ಆಂಪಿಯರ್ ಕೊಡಬಲ್ಲುದು. 5 ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಎಳೆಯುವುದು ಸುಮಾರು ಏಳೂವರೆ ಆಂಪಿಯರ್. ಎಂದರೆ ಒಟ್ಟಿಗೆ ಓಡಬಹುದಾದದ್ದು ನಾಲ್ಕು ಮೋಟಾರು. ಎಂಟು ಓಡಿದರೆ 60 ಆಂಪಿಯರ್ ಆಯಿತು. ಹೊರೆ ಎರಡು ಪಟ್ಟಿನ ಹತ್ತಿರ ಬಂದರೆ ಕಾವು ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಸುರುಳಿಯ ಕಾವು ಕರೆಂಟಿನ ವರ್ಗದಂತೆ ಏರುವುದರಿಂದ ಅದು ಮೂರು ಪಟ್ಟನ್ನೂ ಮೀರುತ್ತದೆ. ಕಾವು 6ರಿಂದ 10 ಡಿಗ್ರಿ ಹೆಚ್ಚಾದಂತೆಲ್ಲ ಒಳಗಿನ ಕಾಗದದ ಆಯುಸ್ಸು ಅರ್ಧಕ್ಕರ್ಧ ಇಳಿಯುತ್ತದೆ ಎಂದು ಇಂಜಿನಿಯರುಗಳು ಹೇಳುತ್ತಾರೆ. ಅಂಥ ಟಿ.ಸಿ. ಸುಟ್ಟದ್ದು ಸೋಜಿಗವಲ್ಲ, ಅಷ್ಟು ದಿನ ತಡೆದದ್ದೇ ಸೋಜಿಗ.

ಆ ಎಂಟು ಮೋಟಾರು ಎಲ್ಲಿಂದ ಬಂದವು? ಇಲ್ಲಿ ಕೊಂಚ ಕಹಿ ಮಾತು ಆಡಬೇಕಾಗಿದೆ. ಮಂಜೂರಾದದ್ದು 5 ಅಶ್ವಶಕ್ತಿ, ಬೋರ್‌ವೆಲ್ಲಿಗೆ ಇಳಿಸಿದ್ದು ಏಳೂವರೆ. ನೀರು ಆಳಕ್ಕೆ ಹೋಗಿದೆ, ಬೇರೆ ದಾರಿಯೇನು ಎಂದು ಕೇಳುವವರಿದ್ದಾರೆ. ಅವರ ಕಷ್ಟ ನಿಜ. ಆದರೆ ಕಚೇರಿಯ ಪುಸ್ತಕದಲ್ಲಿ 5 ಎಂದೇ ಇದ್ದರೆ ದೊಡ್ಡ ಟಿ.ಸಿ. ಬೇಕೆಂದು ಯಾವ ಆಧಾರದ ಮೇಲೆ ಕೇಳುವುದು? ಪುಸ್ತಕದ ಪ್ರಕಾರ ಹೊರೆಯೇ ಹೆಚ್ಚಿಲ್ಲವಲ್ಲ! ಬಚ್ಚಿಟ್ಟ ಎರಡೂವರೆ ಅಶ್ವಶಕ್ತಿಯ ಬೆಲೆಯನ್ನು ಲೈನಿನ ಕೊನೆಯಲ್ಲಿರುವ ಸಣ್ಣ ಹಿಡುವಳಿದಾರ ತೆರುತ್ತಾನೆ. ಅವನ ಮೋಟಾರಿಗೆ ವೋಲ್ಟೇಜ್ ಸಾಲದೆ ಮೊದಲು ಸುಡುವುದು ಅವನ ವೈಂಡಿಂಗ್.

ಇನ್ನೊಂದು, ಆಟೋ ಸ್ಟಾರ್ಟರಿನ ಕತೆ. ತ್ರೀ ಫೇಸ್ ಬರುವುದು ಹೊತ್ತಲ್ಲದ ಹೊತ್ತಿಗೆ. ನಡುರಾತ್ರಿ ಎದ್ದು ಹಾವು, ಆನೆಗಳ ಭಯದಲ್ಲಿ ಕೆರೆ ಬದಿಗೆ ಹೋಗುವುದಕ್ಕಿಂತ ಅದು ಲೇಸೇ ಸರಿ. ಆದರೆ ನೇರವಾಗಿ ಚಾಲೂ ಆಗುವ ಮೋಟಾರು ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನು ಬಂದೊಡನೆ ಊರಿನ ಎಲ್ಲ ಮೋಟಾರುಗಳೂ ಒಂದೇ ಕ್ಷಣಕ್ಕೆ ಎದ್ದರೆ ಟಿ.ಸಿ. ಗತಿ ಏನು? ಇದಕ್ಕೆ ಸ್ಟಾರ್ಟರಿಗೆ ಟೈಮರ್ ಹಾಕಿಸಿ, ಒಬ್ಬರದು ಅರ್ಧ ನಿಮಿಷಕ್ಕೆ, ಇನ್ನೊಬ್ಬರದು ಒಂದು ನಿಮಿಷಕ್ಕೆ, ಮತ್ತೊಬ್ಬರದು ಒಂದೂವರೆಗೆ ಎಂದು ಸರದಿ ಮಾಡಿಕೊಂಡರೆ ಸಾಕು. ಹಾಗೆಯೇ ಮೋಟಾರಿಗೆ ತಕ್ಕ ಕೆಪ್ಯಾಸಿಟರ್ (5 ಅಶ್ವಶಕ್ತಿಗೆ ಸುಮಾರು 2 ಕೆ.ವಿ.ಎ.ಆರ್.) ಕೂರಿಸಿದರೆ ಲೈನಿನಿಂದ ಎಳೆಯುವ ಕರೆಂಟು ಸುಮಾರು ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಇದೇ ಹೆಸರಿನಲ್ಲಿ ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಮೋಟಾರು ಓಡಿಸುವ ಚಾಳಿಯಿದೆ, ಅದು ಬೇರೆ; ಅದು ಮೋಟಾರಿಗೂ ಟಿ.ಸಿ.ಗೂ ಮಾರಿ.

ತೋಟದೊಳಗಿನ ಲೈನಿನ ಮಾತನ್ನೂ ಹೇಳಿಬಿಡಬೇಕು. ಮರಗಸಿಯ ಕಾಲದಲ್ಲಿ ತಂತಿಯ ಹತ್ತಿರದ ಕೊಂಬೆಗಳನ್ನು ಲೈನ್‌ಮನ್‌ಗೆ ತಿಳಿಸಿ, ಲೈನು ಆಫ್ ಮಾಡಿಸಿಯೇ ತೆಗೆಸಬೇಕು. ಬಿಟ್ಟರೆ ಏಪ್ರಿಲ್ ಗಾಳಿಗೆ ತಂತಿಗೆ ತಂತಿ ತಗುಲುತ್ತದೆ. ಟಿ.ಸಿ. ಬುಡದ ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದರಂತೂ ಆ ಏಟು ನೇರ ಸುರುಳಿಗೇ ಬೀಳುತ್ತದೆ. ಆ ಫ್ಯೂಸಿಗೆ ನಾವಾಗಿ ಕೈ ಹಾಕುವುದಂತೂ ಕೂಡದು. ಜೀವ ಹೋದರೆ ಯಾವ ತೋಟ, ಯಾವ ನೀರು?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ತಪ್ಪೆಲ್ಲ ಬೆಳೆಗಾರರದೇ ಎಂದು ಯಾರೂ ಭಾವಿಸಬೇಕಾಗಿಲ್ಲ. ಅರ್ತಿಂಗ್ ನೋಡುವುದು, ಎಣ್ಣೆಯ ಮಟ್ಟ ನೋಡುವುದು, ಬ್ರೀದರಿನ ನೀಲಿ ಹರಳು ತೇವಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬದಲಿಸುವುದು, ಮಿಂಚುರೋಧಕ ಸರಿಯಿಡುವುದು, ಇವೆಲ್ಲ ವಿದ್ಯುತ್ ಕಂಪೆನಿಗಳ ಕೆಲಸ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2004ರಲ್ಲಿ ಮಾಡಿದ ಸೇವಾ ಗುಣಮಟ್ಟದ ನಿಯಮಾವಳಿಯಲ್ಲಿ ಕೆಟ್ಟ ವಿತರಣಾ ಟ್ರಾನ್ಸ್‌ಫಾರ್ಮರನ್ನು ನಗರಗಳಲ್ಲಿ 24 ಗಂಟೆಯೊಳಗೆ, ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ಗೊತ್ತುಪಡಿಸಿದೆ. ಗುಣಮಟ್ಟ ತಪ್ಪಿದರೆ ಪರಿಹಾರ ಕೇಳಲು 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನಲ್ಲಿ ಅವಕಾಶವಿದೆ. ಟಿ.ಸಿ. ಕಂಪೆನಿಯ ಸ್ವತ್ತು, ಅದನ್ನು ಹೊತ್ತು ತರಲು ಊರಿನವರು ಚಂದಾ ಎತ್ತುವುದು ಪದ್ಧತಿಯಾಗಿ ಬೆಳೆದಿರುವುದು ನಾಚಿಕೆಗೇಡು. ಬಾಯಿಮಾತಿನಲ್ಲಿ ಹೇಳಿ ಬರುವವರಿಗೆ ಈ 72 ಗಂಟೆ ಯಾವಾಗಲೂ ಶುರುವಾಗುವುದೇ ಇಲ್ಲ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಬೇಕು, ಶಾಖಾ ಕಚೇರಿಗೆ ಪತ್ರ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು.

ನಮ್ಮ ಸೂಚನೆ ಇಷ್ಟು. ಒಂದೊಂದು ಟಿ.ಸಿ.ಗೆ ಸೇರಿದ ಸದಸ್ಯರು ಈ ಮಳೆಗಾಲದಲ್ಲೇ ಒಮ್ಮೆ ಕೂಡಿ, ಯಾರ ಬಾವಿಯಲ್ಲಿ ಎಷ್ಟು ಅಶ್ವಶಕ್ತಿಯ ಮೋಟಾರಿದೆ ಎಂಬುದನ್ನು ಇದ್ದಂತೆ ಬರೆದು ಸಹಿ ಹಾಕಲಿ. ಹೊರೆ ಟಿ.ಸಿ.ಯನ್ನು ಮೀರಿದ್ದರೆ ಹೆಚ್ಚುವರಿ ಹೊರೆಯನ್ನು ಸಕ್ರಮ ಮಾಡಿಸಿಕೊಂಡು, 25ರ ಜಾಗಕ್ಕೆ 63 ಅಥವಾ ಇನ್ನೊಂದು 25 ಬೇಕೆಂದು ಒಟ್ಟಾಗಿ ಅರ್ಜಿ ಕೊಡಲಿ. ಹೂವಿನ ನೀರಿನ ಗಡಿಬಿಡಿಯಲ್ಲಿ ಇದಕ್ಕೆ ಕೂತರೆ ಕೆಲಸವಾಗದು. ದೀಪಾವಳಿಗೆ ಮೊದಲೇ ಅರ್ಜಿ ಕಚೇರಿಯಲ್ಲಿರಬೇಕು. ಪಟ್ಟಿಯ ಒಂದು ಪ್ರತಿಯನ್ನು ಸಂಘಕ್ಕೂ ತಲುಪಿಸಿದರೆ ಬಿಡಿಬಿಡಿಯಾಗಿ ಹೋದಾಗ ಸಿಗದ ಉತ್ತರವನ್ನು ಸಂಘದ ಮೂಲಕ ಕೇಳಬಹುದು.