ಜಡೆ ದೇವಿಯದಲ್ಲ, ಕಪ್ಪು ಮದರಂಗಿಯದಲ್ಲ

ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಸಂತೆಗಾದರೂ ಹೋಗಿ ನೋಡಿ. ಬಳೆ, ರಿಬ್ಬನ್ನುಗಳ ನಡುವೆ 'ಕಪ್ಪು ಮೆಹಂದಿ'ಯ ಪೊಟ್ಟಣವಿರುತ್ತದೆ. ಮೇಲೆ ಹಸಿರೆಲೆಯ ಚಿತ್ರ, 'ಪೂರ್ತಿ ನೈಸರ್ಗಿಕ' ಎಂಬ ಆಣೆ. ನಮ್ಮ ಹೆಣ್ಣುಮಕ್ಕಳು ಎಲೆಯನ್ನು ನಂಬುತ್ತಾರೆ. ಹಿಂಬದಿಯ ಸಣ್ಣ ಅಕ್ಷರ ಓದುವುದಿಲ್ಲ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಖಾಲಾ ಹಿತ್ತಲ ಮದರಂಗಿ ಸೊಪ್ಪನ್ನು ಒರಳಿನಲ್ಲಿ ರುಬ್ಬಿ, ಚಹಾದ ಡಿಕಾಕ್ಷನ್, ನಿಂಬೆರಸ ಬೆರೆಸಿ, ರಾತ್ರಿಯಿಡೀ ಇಟ್ಟು ತಲೆಗೆ ಮೆತ್ತುತ್ತಿದ್ದರು. ಅಬ್ಬಾರ ಬಿಳಿಗಡ್ಡ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು. ಮದರಂಗಿಗೆ ಗೊತ್ತಿರುವುದು ಅಷ್ಟೇ. ಎಲೆಯೊಳಗಿನ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್‌ಗೆ ಅಂಟಿ ಕೇಸರಿಗೆಂಪು ಕೊಡುತ್ತದೆ, ಕಪ್ಪನ್ನಲ್ಲ. ಕಪ್ಪು ಬೇಕೆಂದರೆ ಅದರ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿ ಗಂಟೆಗಟ್ಟಲೆ ಕಾಯಬೇಕು. ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ 'ಮೆಹಂದಿ'ಯಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ ಎಂಬ ರಾಸಾಯನಿಕ. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವಾಗಲೂ ಅದು ಶೇಕಡಾ 2ನ್ನು ಮೀರುವಂತಿಲ್ಲ. ಚರ್ಮದ ಮೇಲೆ ಚಿತ್ರ ಬರೆಯಲು ಅದಕ್ಕೆ ಅನುಮತಿಯೇ ಇಲ್ಲ.

ನನ್ನ ತಂಗಿಯ ಮಗಳು ಈದ್‌ನ ಹಿಂದಿನ ರಾತ್ರಿ ಕಪ್ಪು ಕೋನಿನಿಂದ ಕೈಗೆ ಹೂಬಳ್ಳಿ ಬರೆಸಿಕೊಂಡಳು. ಮೂರನೆಯ ದಿನ ಬಳ್ಳಿ ಹರಿದಲ್ಲೆಲ್ಲ ಬೊಬ್ಬೆ. ಒಮ್ಮೆ ಹೀಗಾದ ಮೈಗೆ ಈ ಅಲರ್ಜಿ ಜೀವಮಾನವಿಡೀ ಉಳಿಯಬಹುದು ಎಂದರು ಡಾಕ್ಟರು. ಬಿಳಿಗೂದಲಿಗೆ ಬಣ್ಣ ಹಚ್ಚಿ, ಕಪ್ಪು ಬೇಡ ಎಂಬ ಮಾತನ್ನು ಹಿರಿಯರಿಂದ ಕೇಳುತ್ತಲೇ ಬೆಳೆದ ನಾವು ಕಪ್ಪಿಗೇ ಮುಗಿಬಿದ್ದೆವಲ್ಲ!

ಈಗ ಸವದತ್ತಿಯ ಗುಡ್ಡಕ್ಕೆ ಬನ್ನಿ. ಬಾಚಣಿಗೆ, ಸೀಗೆಕಾಯಿ ಕಾಣದ ತಲೆಯಲ್ಲಿ ಬೆವರು, ಧೂಳು, ಹೇನು ಸೇರಿ ಕೂದಲು ಜಡೆಗಟ್ಟುತ್ತದೆ. ಆದರೆ ಬಡವರ ಹುಡುಗಿಯ ತಲೆಯಲ್ಲಿ ಅದು ಕಂಡರೆ "ಎಲ್ಲಮ್ಮ ಕರದಾಳವ್ವ, ಕತ್ತರಿ ಮುಟ್ಟಿಸಬ್ಯಾಡ್ರಿ" ಎಂದರು. ಜಡೆಗೆ ಭಂಡಾರ ಹಚ್ಚಿದರು, ಕೊರಳಿಗೆ ಮುತ್ತು ಕಟ್ಟಿದರು. ಹಾಗೆ ಹೋದವರಲ್ಲಿ ಹೆಚ್ಚಿನವರು ದಲಿತರ ಮನೆಯ ಮಕ್ಕಳು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನ ಮಾಡಿತು. ಶಾಸನ ಮುತ್ತು ಕಟ್ಟುವ ಕೈಯನ್ನು ಹಿಡಿಯಬಹುದು. ತಾಯಿಯ ಎದೆಯೊಳಗಿನ ಅಂಜಿಕೆಯನ್ನು ಯಾರು ಬಿಡಿಸಬೇಕು?

ಈ ಅಂಜಿಕೆ ನಮ್ಮ ನೆಲದ್ದು ಮಾತ್ರವಲ್ಲ. ಪೋಲೆಂಡಿನಲ್ಲೂ ಜಡೆಗಟ್ಟಿದ ಕೂದಲು ಕತ್ತರಿಸಿದರೆ ಕಣ್ಣು ಹೋದೀತು, ಹುಚ್ಚು ಹಿಡಿದೀತು ಎಂದು ನಂಬಿದ್ದರು. 19ನೆಯ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಸೆಫ್ ಡೀಟ್ಲ್ ಇದು ರೋಗವೂ ಅಲ್ಲ, ಪವಾಡವೂ ಅಲ್ಲ, ಬಾಚದ ತಲೆ ಎಂದು ಹೇಳುತ್ತ ಹೋರಾಡಿದರು. ಆ ಊರಿನವರು ಅವರನ್ನು ಕಲ್ಲಿನಿಂದ ಹೊಡೆಯಲಿಲ್ಲ. ಮುಂದೆ ಆ ನಗರದ ಮೇಯರ್ ಆದವರೂ ಅವರೇ.

"ನಮ್ಮ ದೇವರ ಉಸಾಬರಿ ಸಾಬರವನಿಗೇಕೆ?" ಎಂದು ಕೇಳುವವರಿದ್ದಾರೆ. ಕೇಳಲಿ. ಅದಕ್ಕೇ ನಮ್ಮ ಮನೆಯ ಕಸ ಮೊದಲು ಗುಡಿಸಿದೆ. ಉರೂಸಿನಲ್ಲಿ ಜಡೆ ಬಿಟ್ಟ ಮಲಂಗರ ಮುಂದೆ ತಲೆಬಾಗುವವರು ನಮ್ಮಲ್ಲೂ ಇದ್ದಾರೆ. ಬೆಳೆದ ಗಂಡಸು ತಾನಾಗಿ ಜಡೆ ಬಿಟ್ಟರೆ, ಅದಕ್ಕೆ ಮದರಂಗಿಯನ್ನೇ ಹಚ್ಚಿಕೊಂಡರೆ, ಅದು ಅವನ ತಲೆ, ಅವನ ಇಷ್ಟ. ಎಂಟು ವರ್ಷದ ಹುಡುಗಿಯ ತಲೆ ಹಾಗಲ್ಲ. ಅವಳನ್ನು ಯಾರೂ ಕೇಳಿರುವುದಿಲ್ಲ. ನನ್ನ ಜಗಳ ಎಲ್ಲಮ್ಮನೊಂದಿಗಲ್ಲ. ಅವಳ ಹೆಸರಿನಲ್ಲಿ ಮಗುವಿನ ಬಾಳನ್ನು ತೀರ್ಮಾನಿಸಿದವರೊಂದಿಗೆ.

ಎರಡೂ ಕಡೆ ಆಗಿರುವುದು ಒಂದೇ. ಅಂಗಡಿಯವನು 'ಎಲೆ' ಎಂದ, ಕೈ ಚಾಚಿದೆವು. ಇನ್ನೊಬ್ಬರು 'ದೇವಿ' ಎಂದರು, ಮಗಳನ್ನೇ ಕೊಟ್ಟೆವು. ಏನಿದೆ, ಹೇಗಾಯಿತು ಎಂದು ಕೇಳಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದು ಎರಡೇ ಬೇಡಿಕೆ. ಪೊಟ್ಟಣ ಕೊಳ್ಳುವ ಮೊದಲು ತಿರುಗಿಸಿ ಓದಿರಿ. ಓದು ಬಾರದವರಿಗೆ ಓದಿ ಹೇಳಿರಿ. ನಿಮ್ಮ ಓಣಿಯಲ್ಲಿ ಯಾವ ಹುಡುಗಿಯ ತಲೆಯಲ್ಲಾದರೂ ಗಂಟು ಕಂಡರೆ, ಯಾರಾದರೂ ಭಂಡಾರ ತರುವ ಮೊದಲು ನೀವು ಕೊಬ್ಬರಿ ಎಣ್ಣೆ, ಬಾಚಣಿಗೆ ತೆಗೆದುಕೊಂಡು ಹೋಗಿರಿ. ಬಿಡಿಸಲಾಗದಿದ್ದರೆ ಕತ್ತರಿ ಇದೆ. ಕೂದಲು ಮತ್ತೆ ಬೆಳೆಯುತ್ತದೆ.