ಕೊಂಡವನಿಗೆ ಆಟವಿಲ್ಲ, ಕಟ್ಟಿದವನಿಗೆ ಕೆಲಸವಿಲ್ಲ

ವಿಡಿಯೋ ಗೇಮು ಎಂದರೆ ಹುಡುಗರ ಹುಚ್ಚು, ದುಡಿಯುವ ಜನರ ಪತ್ರಿಕೆಯಲ್ಲಿ ಅದಕ್ಕೇಕೆ ಜಾಗ ಎಂದು ಕೆಲವರು ಕೇಳಿಯಾರು. ಕೇಳುವುದು ತಪ್ಪಲ್ಲ. ಆದರೆ ಇಂದು ಜಗತ್ತಿನ ಎಲ್ಲ ಚಿತ್ರಮಂದಿರಗಳ ಟಿಕೆಟು ಮಾರಾಟವನ್ನು ಕೂಡಿಸಿದರೂ ಅದು ಈ ಆಟಗಳ ವಹಿವಾಟಿಗೆ ಸರಿಗಟ್ಟುವುದಿಲ್ಲ. ಇಷ್ಟು ದೊಡ್ಡ ಉದ್ಯಮದಲ್ಲಿ ದುಡಿಯುವವರೂ ಇದ್ದಾರೆ, ದುಡ್ಡು ಸುರಿಯುವವರೂ ಇದ್ದಾರೆ, ಎರಡೂ ಮಾಡದೆ ಗಂಟು ಕಟ್ಟುವವರೂ ಇದ್ದಾರೆ. ಇಪ್ಪತ್ತು ವರ್ಷಗಳಿಂದ ಆಡುತ್ತ ಬಂದಿರುವ ನಾನು ಆಟವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಆಟ ಒಳ್ಳೆಯದೇ. ಕೆಟ್ಟಿರುವುದು ಅದರ ವ್ಯವಹಾರ.

ಮೊದಲು ಕೊಳ್ಳುವವನ ಮಾತು. ನಾನು ಆಡಲು ಕಲಿತ ಕಾಲದಲ್ಲಿ ಆಟ ಡಿಸ್ಕಿನಲ್ಲಿ ಬರುತ್ತಿತ್ತು. ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಅಂಗಡಿಕಾರರು ಹೊಸ ಡಿಸ್ಕು ಮಾರುತ್ತಿದ್ದರು, ಹಳೆಯದನ್ನು ಅರ್ಧ ಬೆಲೆಗೆ ಹಿಂದಕ್ಕೆ ಕೊಳ್ಳುತ್ತಿದ್ದರು, ಕೊಳ್ಳಲಾರದ ಹುಡುಗರನ್ನು ಗಂಟೆಗೆ ಇಷ್ಟೆಂದು ಬಾಡಿಗೆಗೆ ಆಡಲು ಬಿಡುತ್ತಿದ್ದರು. ಒಂದು ಡಿಸ್ಕು ಹತ್ತು ಮನೆ ಸುತ್ತುತ್ತಿತ್ತು. ಅವರ ಸಂಸಾರವೂ ಅದರಲ್ಲೇ ಸಾಗುತ್ತಿತ್ತು. ಇಂದು ಬಹುಪಾಲು ಆಟಗಳು ಕಂಪನಿಯ ಆನ್‌ಲೈನ್ ಅಂಗಡಿಯಿಂದ ನೇರವಾಗಿ ಮನೆಗೆ ಇಳಿಯುತ್ತವೆ. ಅವನ್ನು ಗೆಳೆಯನಿಗೆ ಕೊಡುವಂತಿಲ್ಲ, ಆಡಿ ಮುಗಿಸಿದ ಮೇಲೆ ಮಾರುವಂತಿಲ್ಲ. ಓಣಿಯ ಆ ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಕವರು ಮಾರುತ್ತಾರೆ.

ಹೋಗಲಿ, ಕೊಂಡವನಿಗಾದರೂ ಅದು ಉಳಿಯಿತೇ? ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ೨೦೧೪ರಲ್ಲಿ ‘ದಿ ಕ್ರೂ’ ಎಂಬ ಕಾರು ಓಟದ ಆಟವನ್ನು ಮಾರುಕಟ್ಟೆಗೆ ತಂದಿತು. ಒಬ್ಬನೇ ಕುಳಿತು ಆಡಿದರೂ ಅದು ಕಂಪನಿಯ ಸರ್ವರಿಗೆ ಜೋಡಿಕೊಂಡೇ ಇರಬೇಕಾಗಿತ್ತು. ೨೦೨೪ರ ಮಾರ್ಚ್ ೩೧ರಂದು ಕಂಪನಿ ಆ ಸರ್ವರನ್ನು ನಿಲ್ಲಿಸಿತು. ಪೂರ್ತಿ ಬೆಲೆ ಕೊಟ್ಟವರ ಆಟವೂ ಅಂದೇ ನಿಂತಿತು. ಡಿಸ್ಕು ಕೈಯಲ್ಲಿದ್ದವರಿಗೆ ಉಳಿದದ್ದು ಬರಿಯ ಬಿಲ್ಲೆ. ಪಾತ್ರೆ ಅಂಗಡಿಯವನು ತಾನು ಮಾರಿದ ಕೊಡವನ್ನು ಹತ್ತು ವರ್ಷದ ಮೇಲೆ ಮನೆಗೆ ಬಂದು ಎತ್ತಿಕೊಂಡು ಹೋದರೆ ಊರು ಸುಮ್ಮನಿದ್ದೀತೇ? ಇಲ್ಲಿ ಮಾತ್ರ, ಗಿರಾಕಿ ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಎಂಬ ಸಮಜಾಯಿಷಿ ಸಿಗುತ್ತದೆ. ಪರವಾನಗಿ ಮಾತ್ರ ಮಾರುವವರು ಹಾಗೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ೨೦೨೪ರಲ್ಲಿ ಕಾನೂನು ಮಾಡಿತು. ತಿಳಿಸುವುದು ಒಳ್ಳೆಯದೇ. ಆದರೆ ಮುಂದೆ ಕಸಿದುಕೊಳ್ಳುತ್ತೇನೆಂದು ಮೊದಲೇ ಹೇಳಿ ಕಸಿದುಕೊಂಡರೆ ಅದು ನ್ಯಾಯವಾಗುವುದಿಲ್ಲ.

ಬೆಲೆ ಕೊಟ್ಟ ಮೇಲೂ ಜೇಬಿಗೆ ಕೈ ಹಾಕುವುದು ನಿಂತಿಲ್ಲ. ಆಟದೊಳಗೆ ಮುಚ್ಚಿದ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ದುಡ್ಡು ಕೊಟ್ಟು ತೆರೆಯಬೇಕು. ಒಳಗೆ ಒಳ್ಳೆಯ ಆಟಗಾರನೋ, ಬಣ್ಣದ ಅಂಗಿಯೋ, ಕೆಲಸಕ್ಕೆ ಬಾರದ ಕಸವೋ ತೆರೆದ ಮೇಲೇ ಗೊತ್ತು. ಜಾತ್ರೆಯಲ್ಲಿ ಚಕ್ರ ತಿರುಗಿಸುವವನ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಚಕ್ರದವನನ್ನು ಪೊಲೀಸರಾದರೂ ಓಡಿಸುತ್ತಾರೆ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ೨೦೧೮ರಲ್ಲಿ ‘ಫಿಫಾ ೧೮’ ಮೊದಲಾದ ಆಟಗಳನ್ನು ಪರಿಶೀಲಿಸಿ, ಈ ಪೆಟ್ಟಿಗೆಗಳು ಜೂಜೇ ಎಂದು ಹೇಳಿತು. ಫಿಫಾ ಆಟದ ಒಡೆಯರಾದ ಇಎ ಕಂಪನಿಯವರು ೨೦೧೯ರ ಜನವರಿಯಲ್ಲಿ ಆ ದೇಶದ ಮಟ್ಟಿಗೆ ಮಾರಾಟ ನಿಲ್ಲಿಸಿದರು. ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಹಣ ಕಟ್ಟಿ ಅಂಗಿ ಗೆಲ್ಲುವ ಪೆಟ್ಟಿಗೆಯ ಮೇಲೂ ಅಷ್ಟೇ ಕಣ್ಣಿಡಬೇಕು. ಅದನ್ನು ತೆರೆಯುವವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ.

ಇನ್ನು ಆಟವನ್ನು ಕಟ್ಟುವವರ ಪಾಡು. ಹೀಗೆ ಬಂದ ಹಣ ಅವರನ್ನಾದರೂ ಸುಖವಾಗಿ ಇಟ್ಟಿದೆಯೇ? ೨೦೨೩ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಆಕ್ಟಿವಿಷನ್ ಬ್ಲಿಜರ್ಡ್ ಎಂಬ ದೊಡ್ಡ ಆಟದ ಕಂಪನಿಯನ್ನು ನುಂಗಿತು. ಒಪ್ಪಿದ ಬೆಲೆ ೬,೮೭೦ ಕೋಟಿ ಡಾಲರು. ಮೂರೇ ತಿಂಗಳಲ್ಲಿ, ೨೦೨೪ರ ಜನವರಿಯಲ್ಲಿ, ತನ್ನ ಆಟಗಳ ವಿಭಾಗದಿಂದ ೧,೯೦೦ ಜನರನ್ನು ಮನೆಗೆ ಕಳುಹಿಸಿತು. ನಷ್ಟವಾಗಿತ್ತೇ? ಅದೇ ವಾರ ಅದರ ಷೇರುಗಳ ಒಟ್ಟು ಮೌಲ್ಯ ೩ ಲಕ್ಷ ಕೋಟಿ ಡಾಲರು ಮುಟ್ಟಿತ್ತು! ಕೆಲಸ ಚೆನ್ನಾಗಿ ಮಾಡಿದರೆ ಉಳಿಯಬಹುದು ಎನ್ನುವ ಹಾಗೂ ಇಲ್ಲ. ಅದೇ ಒಡೆತನದಲ್ಲಿದ್ದ ಟೋಕಿಯೋದ ಟ್ಯಾಂಗೋ ಗೇಮ್‌ವರ್ಕ್ಸ್ ತಂಡ ೨೦೨೩ರಲ್ಲಿ ‘ಹೈ-ಫೈ ರಷ್’ ಎಂಬ ಆಟ ಮಾಡಿ ಎಲ್ಲ ಕಡೆ ಹೊಗಳಿಸಿಕೊಂಡಿತು. ೨೦೨೪ರ ಮೇ ತಿಂಗಳಲ್ಲಿ ಆ ತಂಡವನ್ನೂ ಮುಚ್ಚುವುದಾಗಿ ಹೇಳಿದರು. ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನು ತೆಗೆದುಕೊಂಡದ್ದರಿಂದ ತಂಡ ಹೇಗೋ ಬದುಕಿತು.

ಇದು ದೂರದ ಸುದ್ದಿ ಎನ್ನಬೇಡಿ. ೧೯೯೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಮೊದಮೊದಲ ಆಟದ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಟ್ಟ ಕೈಗಳು ಅಲ್ಲಿದ್ದವು. ಅದು ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಗೆ ಹೋಯಿತು. ಆ ಕಂಪನಿ ಮುಗ್ಗರಿಸಿದ ಮೇಲೆ, ೨೦೧೯ರಲ್ಲಿ, ಅಮೆರಿಕದ ರಾಕ್‌ಸ್ಟಾರ್ ಕೈಗೆ ಬಂತು. ಕೆಲಸ ಮಾಡುವವರು ಇಲ್ಲಿಯವರು, ಒಡೆತನ ಮಾತ್ರ ಸಮುದ್ರದ ಆಚೆ ಕೈ ಬದಲಾಯಿಸುತ್ತದೆ. ಗಿರಣಿ ಮಾರಾಟವಾದಾಗ ಮಗ್ಗದ ಜೊತೆ ನೇಕಾರನನ್ನೂ ಲೆಕ್ಕಕ್ಕೆ ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡೆಯರ ವಾದವನ್ನೂ ಕೇಳೋಣ. ಆಟ ಮಾಡುವ ಖರ್ಚು ಏರಿದೆ, ದೊಡ್ಡ ಆಟಗಳ ಬೆಲೆ ಬಹುಕಾಲ ೬೦ ಡಾಲರಿನಲ್ಲೇ ನಿಂತಿತ್ತು ಎನ್ನುತ್ತಾರೆ. ಎರಡೂ ನಿಜ. ೨೦೨೦ರಿಂದ ಬೆಲೆ ೭೦ಕ್ಕೆ ಏರಿತು, ೨೦೨೫ರಲ್ಲಿ ೮೦ ಡಾಲರಿನ ಆಟವೂ ಬಂತು. ಆದರೆ ಕೆಲಸಗಾರನಿಗೆ ಕೊಡಲು ಇಲ್ಲದ ಹಣ ಕಂಪನಿ ಕೊಳ್ಳಲು ಎಲ್ಲಿಂದ ಬರುತ್ತದೆ? ೨೦೨೫ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ನಿಧಿ ಮತ್ತು ಅದರ ಜೊತೆಗಾರರು ಅದೇ ಇಎ ಕಂಪನಿಯನ್ನು ೫,೫೦೦ ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದರು. ಅದರಲ್ಲಿ ೨,೦೦೦ ಕೋಟಿ ಸಾಲದ ಹಣ. ಈ ಸಾಲದ ಬಡ್ಡಿ ಯಾರು ತೀರಿಸಬೇಕು? ಪೆಟ್ಟಿಗೆ ತೆರೆಯುವ ಹುಡುಗ, ಇಲ್ಲವೇ ಕೆಲಸ ಕಳೆದುಕೊಳ್ಳುವ ಕೆಲಸಗಾರ.

ಕಸುಬಿಗೆ ರೋಗ ಬಂದಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. ೨೦೧೬ರ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕುಳಿತು ಕಟ್ಟಿದರು. ಚಿತ್ರ, ಸಂಗೀತ, ಕಥೆ ಎಲ್ಲ ಅವರದೇ. ೨೦೨೩ರಲ್ಲಿ ಬೆಲ್ಜಿಯಂನ ಲಾರಿಯನ್ ತಂಡದ ‘ಬಾಲ್ಡರ್ಸ್ ಗೇಟ್ ೩’ ಮುಚ್ಚಿದ ಪೆಟ್ಟಿಗೆ ಒಂದೂ ಇಲ್ಲದೆ ಗೆದ್ದಿತು. ಆಡುವವರು ಒಳ್ಳೆಯ ಸರಕನ್ನು ಗುರುತಿಸಬಲ್ಲರು. ದುಡ್ಡು ಕೊಡಲು ಹಿಂಜರಿಯುವುದಿಲ್ಲ.

ಹಾಗಾದರೆ ದಾರಿ ಏನು? ಆಡುವವರೂ ದುಡಿಯುವವರೂ ಆಗಲೇ ಅದನ್ನು ತುಳಿಯತೊಡಗಿದ್ದಾರೆ. ಮಾರಿದ ಆಟವನ್ನು ಕೊಲ್ಲಬಾರದು, ಸರ್ವರು ನಿಲ್ಲಿಸಿದರೂ ಅದು ಆಡಲು ಬರುವಂತೆ ಬಿಟ್ಟುಹೋಗಬೇಕು ಎಂದು ಯುರೋಪಿನಲ್ಲಿ ಎತ್ತಿದ ಮನವಿಗೆ ೨೦೨೫ರ ಜುಲೈ ಹೊತ್ತಿಗೆ ೧೦ ಲಕ್ಷಕ್ಕೂ ಮೀರಿ ಸಹಿ ಬಿದ್ದವು. ಅಮೆರಿಕದ ವಿಸ್ಕಾನ್ಸಿನ್ನಿನ ರೇವನ್ ಸಾಫ್ಟ್‌ವೇರಿನಲ್ಲಿ ಆಟದ ತಪ್ಪು ಹುಡುಕುವ ಪರೀಕ್ಷಕರು, ಈ ಉದ್ಯಮದ ಕೆಳಗಿನ ಮೆಟ್ಟಿಲಿನವರು. ೨೦೨೧ರ ಕೊನೆಗೆ ಅವರಲ್ಲಿ ೧೨ ಮಂದಿಗೆ ಕೆಲಸವಿಲ್ಲ ಎಂದಾಗ ಉಳಿದವರು ಮುಷ್ಕರ ಹೂಡಿದರು. ೨೦೨೨ರ ಮೇ ತಿಂಗಳಲ್ಲಿ ೧೯ಕ್ಕೆ ೩ ಮತಗಳಿಂದ ಸಂಘ ಕಟ್ಟಿಕೊಂಡರು. ಕಂಪನಿಯೊಡನೆ ಕರಾರು ಆಗಲು ೨೦೨೫ರವರೆಗೆ ಕಾದರು, ಬಿಡಲಿಲ್ಲ.

ಓದುಗ ಬಂಧುಗಳೇ, ಇದರಲ್ಲಿ ನಮಗೂ ಪಾಲಿದೆ. ಮುಂದಿನ ಸಲ ನಿಮ್ಮ ಮಗ ಆಟಕ್ಕೆಂದು ದುಡ್ಡು ಕೇಳಿದಾಗ ಗದರಿ ಕಳುಹಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಎರಡು ಮಾತು ಕೇಳಿ: ಕೊಂಡ ಮೇಲೆ ಇದು ನಿನ್ನದಾಗಿ ಉಳಿಯುತ್ತದೆಯೇ? ಇದನ್ನು ಮಾಡಿದವರು ಇನ್ನೂ ಕೆಲಸದಲ್ಲಿದ್ದಾರೆಯೇ? ಉತ್ತರ ಹುಡುಕುತ್ತ ಹೋದರೆ ಅವನೂ ಬಹಳ ಕಲಿಯುತ್ತಾನೆ, ನಾವೂ ಕಲಿಯುತ್ತೇವೆ.