ವಿಕ್ರಿ ಮೇಷ್ಟ್ರ ಎಚ್-ಇಂಡೆಕ್ಸ್ ಎಷ್ಟು?

ಸಭೆಗಳಲ್ಲಿ ಪ್ರೊಫೆಸರುಗಳನ್ನು ಪರಿಚಯ ಮಾಡಿಕೊಡೋ ರೀತಿ ಗಮನಿಸಿದ್ದೀರಾ? ಮೊದಲೆಲ್ಲ "ಇವರು ಇಂಥಾ ವಿಷಯದಲ್ಲಿ ಕೆಲಸ ಮಾಡಿದ್ದಾರೆ" ಅಂತಿದ್ರು. ಈಗ "ಇಷ್ಟು ಪೇಪರು, ಇಷ್ಟು ಸೈಟೇಶನ್ನು, ಎಚ್-ಇಂಡೆಕ್ಸ್ ಇಷ್ಟು". ಚಪ್ಪಾಳೆ! ಆ ಪೇಪರುಗಳಲ್ಲಿ ಏನಿದೆ ಅಂತ ಕೇಳಿ ನೋಡಿ, ಚಪ್ಪಾಳೆ ಹೊಡೆದ ಒಬ್ಬರಿಗೂ ಗೊತ್ತಿರಲ್ಲ.

ಈ ಲೆಕ್ಕ ಯಾವ ವಿದ್ವಾಂಸನನ್ನೂ ಸರಿಯಾಗಿ ಅಳೆಯಲ್ಲ ಅನ್ನೋದು ನನ್ನ ತಕರಾರು. ರಸ್ತೆ, ಬಸ್ಸು, ರೈಲಿನ ಬಗ್ಗೆ ಯೋಚಿಸುವ ಸಾರಿಗೆ ಅರ್ಥಶಾಸ್ತ್ರಜ್ಞರ ವಿಷಯದಲ್ಲಂತೂ ಇದು ಶುದ್ಧ ಅನ್ಯಾಯ.

ವಿಲಿಯಂ ವಿಕ್ರಿ ಅಂತ ಒಬ್ಬ ಮೇಷ್ಟ್ರಿದ್ದರು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಜನ ಕಿಕ್ಕಿರಿಯುವ ಹೊತ್ತಿಗೆ ಒಂದು ದರ, ಖಾಲಿ ಓಡುವ ಹೊತ್ತಿಗೆ ಇನ್ನೊಂದು ದರ ಇಡಿ ಅಂತ 1952ರಲ್ಲೇ ಆ ಊರಿನ ಸಬ್‌ವೇ ರೈಲಿಗೆ ಸಲಹೆ ಕೊಟ್ಟವರು. ಯಾರೂ ಕೇಳಲಿಲ್ಲ. 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ, ಕಾರುಗಳನ್ನು ಎಲೆಕ್ಟ್ರಾನಿಕ್ ಉಪಕರಣದಿಂದ ಗುರುತಿಸಿ ವಾಷಿಂಗ್ಟನ್ನಿನ ರಸ್ತೆ ಬಳಕೆಗೆ ಶುಲ್ಕ ಹಾಕಬಹುದು ಅಂದರು. ಅದನ್ನೂ ಯಾರೂ ಕೇಳಲಿಲ್ಲ.

ಇವೆರಡೂ ಎಲ್ಲಿವೆ? ಒಂದು ನಗರಾಡಳಿತದ ಸಮಿತಿಗೆ ಕೊಟ್ಟ ವರದಿ, ಇನ್ನೊಂದು ಸಮಿತಿಯ ಮುಂದಿನ ಹೇಳಿಕೆ. ಜರ್ನಲ್ ಪೇಪರುಗಳಲ್ಲ. ಇವತ್ತಿನ ಮಾರ್ಕ್ಸ್ ಕಾರ್ಡಿನಲ್ಲಿ ಇವಕ್ಕೆ ಸಿಗೋದು ದೊಡ್ಡ ಸೊನ್ನೆ.

1969ರಲ್ಲಿ ಅವರು ಹತ್ತೇ ಪುಟದ ಒಂದು ಲೇಖನ ಬರೆದರು. ಇಕ್ಕಟ್ಟಾದ ಸೇತುವೆಯೊಂದರ ಮುಂದೆ ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಸಾಲು ಹೇಗೆ ಬೆಳೆಯುತ್ತೆ, ಬೇಗ ಹೊರಡೋದಾ ತಡವಾಗಿ ಹೊರಡೋದಾ ಅಂತ ಜನ ಹೇಗೆ ಲೆಕ್ಕ ಹಾಕ್ತಾರೆ, ಹೊತ್ತಿಗೆ ತಕ್ಕ ಶುಲ್ಕ ಇಟ್ಟರೆ ಆ ಸಾಲು ಹೇಗೆ ಕರಗುತ್ತೆ ಅನ್ನೋದು ಅದರ ವಿಷಯ. ವರ್ಷಗಟ್ಟಲೆ ಹೆಚ್ಚಿನವರು ಅದರ ಕಡೆ ತಿರುಗಿ ನೋಡಲಿಲ್ಲ. 1990ರ ಹೊತ್ತಿಗೆ ಆರ್ನಾಟ್, ಡಿ ಪಾಲ್ಮಾ, ಲಿಂಡ್ಸೆ ಅನ್ನೋ ಮೂವರು ಅದನ್ನು ಕೈಗೆತ್ತಿಕೊಂಡು ಬೆಳೆಸಿದ ಮೇಲೆ ಅದೇ ಈ ಶಾಸ್ತ್ರದ ಒಂದು ಆಧಾರಕಂಬ ಆಯ್ತು. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡೋದು ಹಿಂದಿನ ಎರಡು ವರ್ಷದ ಲೇಖನಗಳನ್ನು ಮಾತ್ರ. ಇಪ್ಪತ್ತು ವರ್ಷಕ್ಕೆ ಮೊಳೆಯುವ ಬೀಜಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನು ರಸ್ತೆಗೆ ಬನ್ನಿ. ದಟ್ಟಣೆ ಶುಲ್ಕ ಸಿಂಗಪುರದಲ್ಲಿ 1975ರಲ್ಲಿ ಬಂತು. ಲಂಡನ್ನಿನಲ್ಲಿ 2003ರಲ್ಲಿ. ವಿಕ್ರಿಯವರು ಪಾಠ ಮಾಡುತ್ತಿದ್ದ ನ್ಯೂಯಾರ್ಕಿನಲ್ಲಿ 2025ರ ಜನವರಿ 5ರಂದು, ಅಂದರೆ ಆ ಹೇಳಿಕೆಯಾದ 66 ವರ್ಷದ ಮೇಲೆ! ಎಲ್ಲಾ ಅವರೊಬ್ಬರಿಂದಲೇ ಆಯ್ತು ಅಂತಲ್ಲ. ಬ್ರಿಟನ್ನಿನಲ್ಲಿ 1964ರ ಸ್ಮೀಡ್ ವರದಿ ಇತ್ತು. ಅದೂ ಸರ್ಕಾರಿ ವರದಿಯೇ, ನೆನಪಿರಲಿ. 1996ರ ಅಕ್ಟೋಬರ್ 8ರಂದು ವಿಕ್ರಿಯವರಿಗೆ ನೊಬೆಲ್ ಘೋಷಣೆ ಆಯ್ತು. ಮೂರೇ ದಿನಕ್ಕೆ ತೀರಿಕೊಂಡರು.

ಎಚ್-ಇಂಡೆಕ್ಸ್ ಬಂದಿದ್ದು 2005ರಲ್ಲಿ, ಹಿರ್ಷ್ ಅನ್ನೋ ಭೌತವಿಜ್ಞಾನಿಯಿಂದ. ಲೆಕ್ಕ ಸುಲಭ. ಒಬ್ಬನ 20 ಪೇಪರುಗಳನ್ನು ತಲಾ 20 ಸಲ ಉಲ್ಲೇಖಿಸಿದ್ದರೆ ಅವನ ಅಂಕ 20. ಇನ್ನೊಬ್ಬ ಬರೆದಿದ್ದೇ ಮೂರು, ಒಂದೊಂದಕ್ಕೂ ಐದು ಸಾವಿರ ಉಲ್ಲೇಖ ಅಂದ್ಕೊಳ್ಳಿ. ಅವನ ಅಂಕ ಬರೀ 3! ಹೊಗಳಿ ಉಲ್ಲೇಖಿಸಿದರೂ ಒಂದೇ, "ಇದು ತಪ್ಪು" ಅಂತ ಉಲ್ಲೇಖಿಸಿದರೂ ಒಂದೇ. ಹಿಟ್ ಕೌಂಟರ್ ನೋಡಿ ಬರಹದ ಯೋಗ್ಯತೆ ಹೇಳೋಕೆ ಬರಲ್ಲ ಅಂತ ಬ್ಲಾಗಿಗರಾದ ನಮಗೆ ಬೇರೆ ಹೇಳಬೇಕಾ?

"ಅಂಕಿ ಇಲ್ಲದಿದ್ರೆ ಜಾತಿ, ಶಿಫಾರಸು, ಪರಿಚಯ ನಡೆಯುತ್ತೆ ಕಣ್ರೀ" ಅಂತೀರಿ. ಒಪ್ಪಿದೆ, ಇದು ತಳ್ಳಿಹಾಕುವ ಮಾತಲ್ಲ. ಆದರೆ ಅಂಕಿ ಬಂದ ಮೇಲೆ ಏನಾಯ್ತು? ಯುಜಿಸಿ 2010ರಲ್ಲಿ ಎಪಿಐ ಅಂಕ ತಂತು. ಪೇಪರಿಗಿಷ್ಟು ಅಂಕ ಅಂದ ಕೂಡಲೇ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಸುಗ್ಗಿ. 2018ರಲ್ಲಿ ಯುಜಿಸಿಯೇ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯ್ತು. ಶಿಫಾರಸಿನ ರೋಗಕ್ಕೆ ಕೊಟ್ಟ ಔಷಧಿಯೇ ಇನ್ನೊಂದು ರೋಗ ತಂತು.

ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲಿ. ಬೆಂಗಳೂರಿನಲ್ಲೂ ದಟ್ಟಣೆ ಶುಲ್ಕದ ಮಾತು ಆಗಾಗ ಏಳುತ್ತೆ, ಮಲಗುತ್ತೆ. ಸಿಲ್ಕ್ ಬೋರ್ಡಿನಲ್ಲಿ ದಿನಾ ಒದ್ದಾಡುವ ಬಸ್ ಪ್ರಯಾಣಿಕ, ಆಟೋದವರು, ಕಾರ್ಪೊರೇಟರು, ಎಲ್ಲರಿಗೂ ಅರ್ಥವಾಗೋ ಹಾಗೆ ಒಬ್ಬ ಅರ್ಥಶಾಸ್ತ್ರಜ್ಞ ಇದರ ಸಾಧಕ ಬಾಧಕಗಳನ್ನು ಕನ್ನಡದಲ್ಲಿ ಬರೆದ ಅಂದ್ಕೊಳ್ಳಿ. ಸ್ಕೋಪಸ್ ಪಟ್ಟಿಗೆ ಸೇರಬೇಕಾದರೆ ಜರ್ನಲ್‌ನಲ್ಲಿ ಇಂಗ್ಲಿಷ್ ಸಾರಾಂಶ ಬೇಕು, ಆಕರಗಳ ಪಟ್ಟಿ ರೋಮನ್ ಲಿಪಿಯಲ್ಲೇ ಇರಬೇಕು. ಅಂದಮೇಲೆ ಆ ಬರಹ ಲೆಕ್ಕದ ಪ್ರಕಾರ ಹುಟ್ಟಲೇ ಇಲ್ಲ! ಯಾರ ಊರಿನ ರಸ್ತೆಯೋ ಅವರ ಭಾಷೆಯಲ್ಲಿ ಬರೆದವನಿಗೆ ಸೊನ್ನೆ, ಅವರ್ಯಾರೂ ಓದದ ಕಡೆ ಬರೆದವನಿಗೆ ಬಡ್ತಿ. ಇದಕ್ಕೆ 'ಇಂಪ್ಯಾಕ್ಟ್' ಅಂತ ಹೆಸರು ಬೇರೆ.

ಹಾಗಾದ್ರೆ ಅಳೆಯೋದು ಹೇಗೆ? ಓದಿ ಸ್ವಾಮಿ! ಅಭ್ಯರ್ಥಿ ತಾನೇ ಆರಿಸಿ ಕೊಟ್ಟ ಮೂರು ಬರಹಗಳನ್ನು ಆಯ್ಕೆ ಸಮಿತಿಯವರು ಕೂತು ಓದಲಿ, ಯಾಕೆ ಒಪ್ಪಿದೆವು, ಯಾಕೆ ಬಿಟ್ಟೆವು ಅಂತ ಬರೆದು ಪ್ರಕಟಿಸಲಿ. ಶಿಫಾರಸಿಗೂ ಅದೇ ಮದ್ದು, ಅಂಕಿ ಹುಚ್ಚಿಗೂ ಅದೇ ಮದ್ದು. ಓದೋಕೆ ಪುರುಸೊತ್ತಿಲ್ಲದವರಿಗೆ ಇನ್ನೊಬ್ಬರ ಓದನ್ನು ಅಳೆಯೋ ಅಧಿಕಾರ ಯಾಕೆ?

ವಿಕ್ರಿ ಮೇಷ್ಟ್ರ ಎಚ್-ಇಂಡೆಕ್ಸ್ ಎಷ್ಟು ಅಂತ ನಾನು ನೋಡಿಲ್ಲ. ನೋಡೋದೂ ಇಲ್ಲ.

ನೀವೇನಂತೀರಿ?